ಟ್ರಕ್ ಸ್ಟೀರಿಂಗ್‌ನಲ್ಲಿ ಪ್ಲೇ ಬಂದಿದ್ಯಾ? ಇಲ್ಲಿ ಕೇಳಿ – ಪ್ರಶ್ನೋತ್ತರ

ಅಡ್ಮಿನ್: ಇವತ್ತಿನ ವಿಷಯ ಆರ್‌ಸಿ (ರಿಮೋಟ್‌ನಲ್ಲಿ ಓಡೋ) ಟ್ರಕ್‌ಗಳಲ್ಲಿ ಸವೆದು ಪ್ಲೇ, ಅಂದ್ರೆ ಸಡಿಲ ಆಟ, ಬಂದಿರೋ ಸ್ಟೀರಿಂಗ್ ಭಾಗಗಳು, ಅವುಗಳ ಜಾಗಕ್ಕೆ ಏನು ಹಾಕಬೇಕು ಅನ್ನೋದು. ಉತ್ತರ ಕೊಡೋದು ನಮ್ಮ ಗುಂಪಿನ ರಿಪೇರಿ ತಂತ್ರಜ್ಞರು. ಮಾಡೆಲ್, ಸರ್ವೋ (ಸ್ಟೀರಿಂಗ್ ತಿರುಗಿಸೋ ಮೋಟರ್), ಬ್ಯಾಟರಿ, ಇದುವರೆಗೆ ಏನೇನು ಬದಲಾಯಿಸಿದ್ದೀರಿ, ಇಷ್ಟನ್ನ ಬರೆದು ಕೇಳಿ. ಬರೀ ಫೋಟೋ ಹಾಕಿ “ಏನ್ ಸರ್ ಇದು” ಅನ್ನಬೇಡಿ.

ಹಾಸನ ಡರ್ಟ್: ನಮಸ್ತೆ ಸರ್. ಟ್ರಾಕ್ಸಾಸ್ ಸ್ಲ್ಯಾಶ್ ಟೂ ವೀಲ್ ಡ್ರೈವ್ ಟ್ರಕ್, 2ಎಸ್ ಲಿಪೋ (ಎರಡು ಸೆಲ್‌ನ ಬ್ಯಾಟರಿ). ಮುಂದಿನ ಟೈರ್ ಹಿಡಿದು ಎಡ-ಬಲ ಅಲ್ಲಾಡಿಸಿದ್ರೆ ಅಂಚಿನಲ್ಲಿ 7-8 ಮಿಮೀ ಆಟ ಇದೆ. ನೇರ ಹೋಗಲ್ಲ, ಟ್ರಿಮ್ (ರಿಮೋಟ್‌ನಲ್ಲಿ ನೇರ ಹೊಂದಿಸೋ ಗುಂಡಿ) ಎಷ್ಟು ತಿರುಗಿಸಿದ್ರೂ ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ ಎಳೆಯತ್ತೆ. ಪೂರ್ತಿ ಅಲ್ಯೂಮಿನಿಯಂ ಕಿಟ್ ತಗೊಂಡುಬಿಡ್ಲಾ?

ತಂತ್ರಜ್ಞ: ಕಿಟ್ ಆಮೇಲೆ. ಮೊದಲು ಪ್ಲೇ ಎಲ್ಲಿದೆ ಹುಡುಕಿ. ಟ್ರಾನ್ಸ್‌ಮಿಟರ್ (ರಿಮೋಟ್) ಆನ್, ಟ್ರಕ್ ಆನ್, ಮೋಟರ್ ವೈರ್ ಬಿಚ್ಚಿಡಿ. ಸರ್ವೋ ಬಿಗಿಯಾಗಿ ಹಿಡಿದು ನಿಂತಿರುತ್ತೆ. ಒಂದು ಕೈಲಿ ಟೈರ್ ಎಡ-ಬಲ ಅಲ್ಲಾಡಿಸಿ, ಇನ್ನೊಂದು ಕೈಯ ಬೆರಳನ್ನ ಒಂದೊಂದೇ ಜೋಡಣೆ ಮೇಲೆ ಇಡ್ತಾ ಬನ್ನಿ. ಸರ್ವೋ ಹಾರ್ನ್‌ನ (ಸರ್ವೋ ತುದಿಯ ಪುಟ್ಟ ತೋಳು) ಹಲ್ಲು, ಸರ್ವೋ ಸೇವರ್ (ಪೆಟ್ಟು ನುಂಗೋ ಸ್ಪ್ರಿಂಗ್ ಜೋಡಣೆ), ಸರ್ವೋದಿಂದ ಬರೋ ಲಿಂಕ್‌ನ ಬಾಲ್ ಕಪ್ (ಗುಂಡು ಕೂರೋ ಬಟ್ಟಲು), ಬೆಲ್‌ಕ್ರ್ಯಾಂಕ್ (ಸರ್ವೋ ತಿರುವನ್ನ ಚಕ್ರದ ಕಡೆ ದಾಟಿಸೋ ತೋಳು) ಕೂತಿರೋ ಕಂಬ, ಟೋ ಲಿಂಕ್‌ಗಳ (ಅಲ್ಲಿಂದ ಚಕ್ರಕ್ಕೆ ಹೋಗೋ ಕಡ್ಡಿಗಳು) ಎರಡೂ ತುದಿ, ನಕಲ್‌ನ (ಚಕ್ರ ಹಿಡಿದು ತಿರುಗೋ ಭಾಗ) ಕಿಂಗ್‌ಪಿನ್ (ಅದು ತಿರುಗೋ ಅಚ್ಚು), ಕೊನೆಗೆ ಚಕ್ರದ ಬೇರಿಂಗ್. ಎಲ್ಲಿ ಒಂದು ಭಾಗ ಅಲ್ಲಾಡಿ ಅದರ ಮುಂದಿನದು ಅಲ್ಲಾಡಲ್ವೋ, ಪ್ಲೇ ಇರೋದು ಅಲ್ಲೇ. ಕಣ್ಣಿಗೆ ಕಾಣದ್ದು ಬೆರಳಿಗೆ ‘ಟಕ್’ ಅಂತ ಗೊತ್ತಾಗುತ್ತೆ.

ಆಮೇಲೆ ಟೈರನ್ನ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಗಲೂ ಆಟ ಇದ್ರೆ ಅದು ಲಿಂಕ್‌ನದ್ದಲ್ಲ. ಬೇರಿಂಗ್ ಅಥವಾ ಕಿಂಗ್‌ಪಿನ್ ತೂತು. ಸ್ಲ್ಯಾಶ್ ಮುಂದಿನ ಚಕ್ರಕ್ಕೆ 5×11×4 ಬೇರಿಂಗ್, ಚಕ್ರಕ್ಕೆ ಎರಡರಂತೆ ನಾಲ್ಕು. ಬೇರಿಂಗ್ ಅಂಗಡಿಯಲ್ಲಿ ಎಂಆರ್115 ಅಂತ ಕೇಳಿ. ಒಣ ಧೂಳಲ್ಲಷ್ಟೇ ಓಡಿಸೋರಿಗೆ ಝಡ್‌ಝಡ್, ಅಂದ್ರೆ ಲೋಹದ ಮುಚ್ಚಳದ್ದು, ಸಾಕು. ಕೆಸರು-ನೀರು ಇದ್ರೆ 2ಆರ್‌ಎಸ್, ಅಂದ್ರೆ ರಬ್ಬರ್ ಸೀಲ್‌ನದ್ದು.

ನಿಮ್ಮ ಟ್ರಿಮ್ ಲಕ್ಷಣ ನೋಡಿದ್ರೆ ಬೆಲ್‌ಕ್ರ್ಯಾಂಕ್ ಬುಷ್ (ತಿರುಗೋ ತೂತಿನ ಒಳಪದರ) ಸವೆದಿರೋ ಸಾಧ್ಯತೆ ಜಾಸ್ತಿ. ಸಡಿಲ ಇರೋ ಕಡೆ ಚಕ್ರ ತಾನೇ ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತೆ, ಟ್ರಿಮ್‌ಗೆ ಹಿಡಿತ ಸಿಗಲ್ಲ. ಅಲ್ಲಿಗೆ 5×8×2.5 ಬೇರಿಂಗ್ ಕೂರೋ ಬೆಲ್‌ಕ್ರ್ಯಾಂಕ್ ಹಾಕಿ, ಅದು ಎಂಆರ್85. ನಾಲ್ಕು ಬೇಕು. ಆರ್ಡರ್ ಮಾಡೋ ಮುಂಚೆ ಕಂಬಾನ ವರ್ನಿಯರ್‌ನಲ್ಲಿ ಅಳೀರಿ. ಕಂಬವೇ ಸವೆದಿದ್ರೆ ಬೇರಿಂಗ್ ಒಳಗೂ ಅಷ್ಟೇ ಆಟ ಉಳಿಯುತ್ತೆ. ಬಾಲ್ ಕಪ್ ಬದಲಾಯಿಸುವಾಗ ಬಾಲ್ ಮೇಲೆ ಚಪ್ಪಟೆ ಹೊಳಪು ಇದ್ಯಾ ನೋಡಿ. ಇದ್ರೆ ಬಾಲ್ ಕೂಡ ಹೊಸದು, ಉಕ್ಕಿನದ್ದು. ಅಲ್ಯೂಮಿನಿಯಂ ಬಾಲ್ ಬೇಡ, ಧೂಳಲ್ಲಿ ಬೇಗ ಸವೆಯುತ್ತೆ.

ಪ್ಲೇ ಪೂರ್ತಿ ಸೊನ್ನೆ ಮಾಡೋಕೆ ಹೋಗಬೇಡಿ. ಲಿಂಕನ್ನ ಸರ್ವೋ ಹಾರ್ನ್‌ನಿಂದ ಬಿಚ್ಚಿ, ಮುಂಭಾಗ ಎತ್ತಿ ವಾಲಿಸಿದ್ರೆ ಚಕ್ರಗಳು ತಮ್ಮ ಭಾರಕ್ಕೇ ಅತ್ತಿತ್ತ ಬೀಳಬೇಕು. ಬೀಳಲ್ಲ ಅಂದ್ರೆ ಸಡಿಲ ತುಂಬೋಕೆ ಹಾಕಿದ ಶಿಮ್ (ತೆಳು ವಾಷರ್) ಜಾಸ್ತಿಯಾಗಿದೆ.

ಮೈಸೂರು 1/10: ಸರ್, ಯಾವ ಸರ್ವೋ ಒಳ್ಳೇದು?

ತಂತ್ರಜ್ಞ: ಯಾವ ಟ್ರಕ್‌ಗೆ? 1/10 (ನಿಜ ಗಾತ್ರದ ಹತ್ತನೇ ಒಂದು) ಶಾರ್ಟ್ ಕೋರ್ಸ್‌ಗೆ (ಸ್ಲ್ಯಾಶ್ ಥರದ ಟ್ರಕ್) 15ರಿಂದ 20 ಕೆಜಿ-ಸೆಂಮೀ ತಿರುಗಿಸೋ ಬಲ, ಮೆಟಲ್ ಗೇರ್, ನೀರು ಹೋಗದ್ದು. ಹಾರ್ನ್‌ನ ಹಲ್ಲು ಎಣಿಸಿ ತಗೊಳ್ಳಿ: 25, 24, 23 ಮೂರೂ ಇವೆ, ಒಂದರ ಹಾರ್ನ್ ಇನ್ನೊಂದಕ್ಕೆ ಕೂರಲ್ಲ.

ತುಮಕೂರು ಟ್ರಕ್ಕಿ: ಬೇರೆ ಗುಂಪಲ್ಲಿ ಬಂದಿದ್ದು ಇಲ್ಲಿ ಹಾಕ್ತಿದೀನಿ. “ಬೆಲ್‌ಕ್ರ್ಯಾಂಕ್ ಲೂಸ್ ಆಗಿದ್ರೆ ಹೊಸದು ಬೇಡ! ತೂತಿಗೆ ಸೂಪರ್ ಗ್ಲೂ ಬಿಟ್ಟು ಅಡುಗೆ ಸೋಡಾ ಉದುರಿಸಿ, 5 ನಿಮಿಷದಲ್ಲಿ ಕಲ್ಲಿನಂತೆ ಗಟ್ಟಿ. ಎಲ್ಲರಿಗೂ ಹಂಚಿ.” ಟ್ರೈ ಮಾಡ್ಬಹುದಾ?

ತಂತ್ರಜ್ಞ: ಬೇಡ. ಗಟ್ಟಿ ಆಗೋದೇನೋ ನಿಜ. ಆದ್ರೆ ಅದು ಪುಡಿಯಾಗೋ ಗಟ್ಟಿ. ತಿರುಗೋ ಜಾಗದಲ್ಲಿ ಚೂರು ಚೂರಾಗಿ ಉದುರಿ ಕಂಬಾನ ಮರಳು ಕಾಗದದ ಹಾಗೆ ಉಜ್ಜುತ್ತೆ. ಜೊತೆಗೆ ನೈಲಾನ್‌ಗೆ ಆ ಗ್ಲೂ ಸರಿಯಾಗಿ ಹಿಡಿಯಲ್ಲ. ಬುಷ್ ಹೋಗಿದ್ದು ಸಾಲದೆ ಕಂಬವೂ ಹೋಗುತ್ತೆ.

ಉಡುಪಿ ಕಡಲು: ಗ್ರೀಸ್ ತುಂಬಿದ್ರೆ ಪ್ಲೇ ಹೋಗುತ್ತೆ ಅಂತಾರಲ್ಲ?

ತಂತ್ರಜ್ಞ: ಎರಡು ದಿನ. ಗ್ರೀಸ್‌ಗೆ ಕೆಂಪು ಮಣ್ಣು ಸೇರಿದ್ರೆ ಅರೆಯೋ ಪೇಸ್ಟ್ ಆಗುತ್ತೆ. ತೆರೆದ ಪ್ಲಾಸ್ಟಿಕ್ ಬುಷ್ ಒಣಗಿರಲಿ.

ದಾವಣಗೆರೆ ಬ್ಯಾಶರ್: ಸರ್ ನನ್ನದು 1/10 ಮಾನ್‌ಸ್ಟರ್ ಟ್ರಕ್, ಬ್ರಶ್‌ಲೆಸ್, 3ಎಸ್. ಸ್ಟೀರಿಂಗ್ ಪೂರ್ತಿ ಅಲ್ಯೂಮಿನಿಯಂ ಮಾಡ್ಸಿದೀನಿ. ಸೇವರ್ ಮೆತ್ತಗಿದೆ ಅಂತ ಒಂದು ವೀಡಿಯೊ ನೋಡಿ ಜಿಪ್ ಟೈ ಬಿಗಿದು ಲಾಕ್ ಮಾಡಿದೆ. ಹೊಸ 35 ಕೆಜಿ ಸರ್ವೋ. ಈಗ ತಿರುಗೋದು ಸೂಪರ್. ಆದ್ರೆ ಪೂರ್ತಿ ತಿರುಗಿಸಿ ಥ್ರಾಟಲ್ ಕೊಟ್ರೆ ಒಂದೊಂದ್ಸಲ ಅರ್ಧ-ಒಂದು ಸೆಕೆಂಡ್ ಮಾತೇ ಕೇಳಲ್ಲ, ಸೀದಾ ಹೋಗಿಬಿಡತ್ತೆ. ಸರ್ವೋ ಬಿಸಿ, ಸುಟ್ಟ ವಾಸನೆ. ಮನೆ ಮುಂದಿನ ರಸ್ತೆಲಿ ಓಡಿಸೋದು, ಸಂಜೆ ಮಕ್ಕಳೂ ಇರ್ತಾರೆ. ರಿಸೀವರ್ ಹೋಗಿದ್ಯಾ?

ತಂತ್ರಜ್ಞ: ಈ ಟ್ರಕ್ ಇವತ್ತು ರಸ್ತೆಗೆ ಇಳಿಸಬೇಡಿ. ಬ್ಯಾಟರಿ ತೆಗೆದು ಪಕ್ಕಕ್ಕಿಟ್ಟು ಇದನ್ನ ಪೂರ್ತಿ ಓದಿ.

ರಿಸೀವರ್ ಹೋಗಿಲ್ಲ, ಹಸಿದಿದೆ. ರಿಸೀವರ್‌ಗೂ ಸರ್ವೋಗೂ ಕರೆಂಟ್ ಬರೋದು ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸೋ ಪೆಟ್ಟಿಗೆ) ಒಳಗಿನ ಬಿಇಸಿಯಿಂದ (ಬ್ಯಾಟರಿ ವೋಲ್ಟೇಜ್ ಇಳಿಸಿ ಕೊಡೋ ಸರ್ಕ್ಯೂಟ್). ಟ್ರಕ್ ಜೊತೆ ಬಂದಿದ್ದ ಸಣ್ಣ ಸರ್ವೋಗೆ ಅದು ಸಾಕಾಗಿತ್ತು. ದೊಡ್ಡ ಸರ್ವೋ ಅದುಮಿ ನಿಂತಾಗ 3ರಿಂದ 5 ಆಂಪಿಯರ್ ಎಳೀಬಹುದು. ಬಿಇಸಿ ಅಷ್ಟು ಕೊಡಲಾಗದೆ ವೋಲ್ಟೇಜ್ ಕುಸಿಯುತ್ತೆ. ಸುಮಾರು 3.5 ವೋಲ್ಟ್‌ಗಿಂತ ಕೆಳಗೆ ಹೋದ್ರೆ ಅನೇಕ ರಿಸೀವರ್‌ಗಳು ಆಫ್ ಆಗಿ ಮತ್ತೆ ಆನ್ ಆಗ್ತವೆ. ಆ ಅರ್ಧ ಸೆಕೆಂಡ್ ನಿಮ್ಮ ಕೈಯಲ್ಲಿ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ಗಂಟೆಗೆ 40 ಕಿಮೀ ವೇಗದಲ್ಲಿ ಅರ್ಧ ಸೆಕೆಂಡ್ ಅಂದ್ರೆ ಐದೂವರೆ ಮೀಟರ್. ಮಗುವಿನ ಕಾಲಿಗೆ ಬಡಿದ್ರೆ ಮೂಳೆ ಮುರಿಯೋ ಭಾರ ಅದಕ್ಕಿದೆ.

ಸುಟ್ಟ ವಾಸನೆ ಬೇರೆ ಕಾರಣಕ್ಕೆ, ಆದ್ರೆ ಎರಡಕ್ಕೂ ನಂಟಿದೆ. ಎಂಡ್ ಪಾಯಿಂಟ್ (ಸರ್ವೋ ಎಲ್ಲಿವರೆಗೆ ತಿರುಗಬೇಕು ಅನ್ನೋ ಮಿತಿ) ಹೊಂದಿಸಿಲ್ಲ. ನಕಲ್ ತನ್ನ ತಡೆಗೆ ತಾಗಿ ನಿಂತ ಮೇಲೂ ಸರ್ವೋ ಇನ್ನೂ ತಿರುಗಿಸೋಕೆ ನೋಡ್ತಿದೆ. ಪೂರ್ತಿ ತಿರುಗಿದಾಗ ‘ಝುಂ’ ಅಂತ ಸದ್ದು ಬರ್ತಿದ್ರೆ ಅದೇ. ಮೊದಲು ಸೇವರ್ ಇದನ್ನ ಸ್ವಲ್ಪ ನುಂಗ್ತಿತ್ತು. ನೀವು ಅದನ್ನೂ ಕಟ್ಟಿಹಾಕಿದ್ದೀರಿ. ಹಾಗಾಗಿ ಪ್ರತಿ ತಿರುವಲ್ಲೂ ಸರ್ವೋ ಪೂರ್ತಿ ಕರೆಂಟ್ ಎಳೀತಿದೆ.

ಈಗ ಮಾಡಬೇಕಾದ್ದು. ಜಿಪ್ ಟೈ ಕತ್ತರಿಸಿ. ಸೇವರ್ ಮೆತ್ತಗಿದ್ರೆ ಗಟ್ಟಿ ಸ್ಪ್ರಿಂಗ್ ಹಾಕಿ, ಲಾಕ್ ಮಾಡಬೇಡಿ. ಲಾಕ್ ಆದ ಸ್ಟೀರಿಂಗ್‌ಗೆ ಕಲ್ಲು ಬಡಿದ್ರೆ ಪೆಟ್ಟು ನೇರ ಗೇರ್‌ಗೆ. ಗೇರ್ ತಡೆದುಕೊಂಡ್ರೆ ಸರ್ವೋ ಕಿವಿ (ಸ್ಕ್ರೂ ಹಾಕೋ ಅಂಚು) ಅಥವಾ ಬೆಲ್‌ಕ್ರ್ಯಾಂಕ್ ಕಂಬ ಮುರಿಯುತ್ತೆ. ಎಲ್ಲಾ ಅಲ್ಯೂಮಿನಿಯಂ ಮಾಡಿರೋದ್ರಿಂದ ನಡುವೆ ಬಾಗೋಕೆ ಏನೂ ಉಳಿದಿಲ್ಲ.

ಆಮೇಲೆ ಲಿಂಕನ್ನ ಹಾರ್ನ್‌ನಿಂದ ಬಿಚ್ಚಿ. ಟ್ರಾನ್ಸ್‌ಮಿಟರ್ ಟ್ರಿಮ್ ಸೊನ್ನೆಗೆ ತನ್ನಿ, ಆನ್ ಮಾಡಿ, ಸರ್ವೋ ನಡುವಿಗೆ ಬಂದು ನಿಲ್ಲಲಿ. ಹಾರ್ನನ್ನ ಲಿಂಕ್‌ಗೆ 90 ಡಿಗ್ರಿ ಇರೋ ಹಾಗೆ ಕೂರಿಸಿ. ಒಂದು ಹಲ್ಲಿನಷ್ಟು ವ್ಯತ್ಯಾಸ ಉಳಿದ್ರೆ ಸಬ್‌ಟ್ರಿಮ್‌ನಲ್ಲಿ (ರಿಮೋಟ್‌ನ ಸೂಕ್ಷ್ಮ ಹೊಂದಾಣಿಕೆ) ಸರಿಮಾಡಿ. ಎಂಡ್ ಪಾಯಿಂಟ್ ಎರಡೂ ಕಡೆ 50ಕ್ಕೆ ಇಳಿಸಿ, ಲಿಂಕ್ ಜೋಡಿಸಿ, ಪೂರ್ತಿ ತಿರುಗಿಸಿ ಹಿಡಿದು ಸ್ವಲ್ಪ ಸ್ವಲ್ಪವೇ ಏರಿಸಿ. ನಕಲ್ ತಡೆಗೆ ತಾಗಿದ ಕೂಡಲೇ ನಿಲ್ಲಿಸಿ, ಎರಡು-ಮೂರು ಅಂಕ ಹಿಂದೆ ಬನ್ನಿ. ಎಡ, ಬಲ ಬೇರೆ ಬೇರೆ ಅಂಕ ಬರಬಹುದು, ಅದು ಸರಿಯೇ.

ಕೊನೆಗೆ ಕರೆಂಟ್. ಬೇರೆ ಬಿಇಸಿ ತನ್ನಿ, ನಿರಂತರ 5 ಆಂಪಿಯರ್ ಆದರೂ ಕೊಡಬೇಕು. ಅದರ ಒಳಬರುವ ವೈರ್‌ಗಳನ್ನ ಇಎಸ್‌ಸಿಯ ಬ್ಯಾಟರಿ ವೈರ್‌ಗೇ ಸಮಾನಾಂತರವಾಗಿ ಬೆಸುಗೆ ಹಾಕಿ. 6 ವೋಲ್ಟ್‌ಗೆ ಇಡ್ತೀರಾದ್ರೆ ಹೊರಹೋಗುವ ವೈರ್ ರಿಸೀವರ್‌ಗೆ ಚುಚ್ಚಿ, ಇಎಸ್‌ಸಿಯಿಂದ ರಿಸೀವರ್‌ಗೆ ಬರೋ ಪ್ಲಗ್‌ನ ಕೆಂಪು ವೈರ್ ಮಾತ್ರ ಹೊರಗೆಳೆದು ಟೇಪ್ ಸುತ್ತಿ. ಇಲ್ಲದಿದ್ರೆ ಎರಡು ಬಿಇಸಿಗಳು ಒಂದಕ್ಕೊಂದು ಎದುರು ನಿಲ್ತವೆ. 7.4 ವೋಲ್ಟ್ ಬೇಕಂದ್ರೆ ರಿಸೀವರ್ ಅಷ್ಟು ತಡೆಯುತ್ತಾ ನೋಡಿ. ತಡೆಯದಿದ್ರೆ ಸರ್ವೋದ ಕೆಂಪು-ಕಪ್ಪು ನೇರ ಬಿಇಸಿಗೆ, ಸಿಗ್ನಲ್ ವೈರ್ ರಿಸೀವರ್‌ಗೆ, ಕಪ್ಪು ಎರಡಕ್ಕೂ ಸೇರಿರಬೇಕು. ಆಗ ಇಎಸ್‌ಸಿಯ ಕೆಂಪು ವೈರ್ ತೆಗೀಬಾರದು, ರಿಸೀವರ್‌ಗೆ ಕರೆಂಟ್ ಬರೋದು ಅದರಿಂದಲೇ.

ಫೇಲ್‌ಸೇಫ್ (ಸಿಗ್ನಲ್ ಹೋದ್ರೆ ಟ್ರಕ್ ತಾನೇ ನಿಲ್ಲೋ ವ್ಯವಸ್ಥೆ) ಹಾಕಿದ್ದೀರಾ? ಚಕ್ರ ನೆಲದಿಂದ ಎತ್ತಿ, ಸ್ವಲ್ಪ ಥ್ರಾಟಲ್ ಕೊಟ್ಟು ಟ್ರಾನ್ಸ್‌ಮಿಟರ್ ಆಫ್ ಮಾಡಿ. ಚಕ್ರ ನಿಂತಿತಾ ಅಂತ ಇಲ್ಲಿ ಬರೀರಿ.

ಶಿವಮೊಗ್ಗ ಮಣ್ಣು: ಅಲ್ಯೂಮಿನಿಯಂ ಹಾಕಿದ್ದೇ ತಪ್ಪು ಅಂತ ಇವಾಗಾದ್ರೂ ಒಪ್ಕೊಳ್ಳಿ ಎಲ್ರೂ. ಆರ್‌ಪಿಎಂ ಕಂಪನಿಯ ನೈಲಾನ್ ಹಾಕಿ, ಬಾಗುತ್ತೆ, ವಾಪಸ್ ಬರುತ್ತೆ.

ಲೋಹದ ಟ್ರಕ್: ಬಾಗೋದೇ ಸಮಸ್ಯೆ. ಪೂರ್ತಿ ವೇಗದಲ್ಲಿ ನೈಲಾನ್ ನಕಲ್ ಬಾಗಿ ಟೋ (ಚಕ್ರದ ಒಳ-ಹೊರ ಕೋನ) ಬದಲಾಗುತ್ತೆ. ಅಲ್ಯೂಮಿನಿಯಂ ಹಾಕಿದವರಿಗೆ ಗೊತ್ತು ವ್ಯತ್ಯಾಸ.

ಶಿವಮೊಗ್ಗ ಮಣ್ಣು: ಒಂದ್ಸಲ ಕಾಂಪೌಂಡ್‌ಗೆ ಹೊಡೆದ್ರೆ ನಿಮ್ಮ ಅಲ್ಯೂಮಿನಿಯಂ ಬಾಗಿ ಹಾಗೇ ಇರುತ್ತೆ. ಕಣ್ಣಿಗೆ ಕಾಣಲ್ಲ, ಆದ್ರೆ ಕಿಂಗ್‌ಪಿನ್ ಬಿಗಿ ಆಗುತ್ತೆ.

ಲೋಹದ ಟ್ರಕ್: ಕಾಂಪೌಂಡ್‌ಗೆ ಹೊಡೆಯದೆ ಓಡಿಸೋದು ಕಲೀರಿ.

ಶಿವಮೊಗ್ಗ ಮಣ್ಣು: ಶೋಕೇಸ್‌ನಲ್ಲಿ ಇಡೋರಿಗೆ ಅಲ್ಯೂಮಿನಿಯಂ ಚೆನ್ನಾಗಿರುತ್ತೆ ಬಿಡಿ.

ಅಡ್ಮಿನ್: ಇಬ್ಬರೂ ಸ್ವಲ್ಪ ತಡೀರಿ.

ತಂತ್ರಜ್ಞ: ಎರಡೂ ಬೇಕು, ಬೇರೆ ಬೇರೆ ಜಾಗಕ್ಕೆ. ತಿರುಗೋ ಜಾಗ, ಅಂದ್ರೆ ಬೆಲ್‌ಕ್ರ್ಯಾಂಕ್, ಹಾರ್ನ್, ಇವಕ್ಕೆ ಅಲ್ಯೂಮಿನಿಯಂ. ಪೆಟ್ಟು ತಿನ್ನೋ ಜಾಗ, ಅಂದ್ರೆ ಸಸ್ಪೆನ್ಷನ್ ಆರ್ಮ್, ಕ್ಯಾಸ್ಟರ್ ಬ್ಲಾಕ್ (ನಕಲ್ ಹಿಡಿಯೋ ಭಾಗ), ಇವಕ್ಕೆ ನೈಲಾನ್. ನಕಲ್ ನಿಮ್ಮಿಷ್ಟ. ಅಲ್ಯೂಮಿನಿಯಂ ನಕಲ್ ಹಾಕಿದ್ರೆ ಕಿಂಗ್‌ಪಿನ್ ತೂತಲ್ಲಿ ಬುಷ್ ಇರೋದನ್ನೇ ತಗೊಳ್ಳಿ, ಬರೀ ತೂತು ಮೊಟ್ಟೆಯಾಕಾರಕ್ಕೆ ಸವೆಯುತ್ತೆ. ಲೋಹಕ್ಕೆ ಕೂರೋ ಎಂ3 ಸ್ಕ್ರೂಗೆ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯೋ ಅಂಟು) ಒಂದು ಹನಿ. ಪ್ಲಾಸ್ಟಿಕ್‌ಗೆ ಅದನ್ನ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತೆ.

ಲೋಹದ ಟ್ರಕ್: ಕ್ಯಾಸ್ಟರ್ ಬ್ಲಾಕ್ ನೈಲಾನ್ ಅನ್ನೋದನ್ನ ನಾನು ಒಪ್ಪಲ್ಲ.

ತಂತ್ರಜ್ಞ: ಸರಿ.

ಕ್ರಾಲರ್ ಕೊಡಗು: ಸರ್ ಕ್ರಾಲರ್ (ನಿಧಾನಕ್ಕೆ ಬಂಡೆ ಹತ್ತೋ ಟ್ರಕ್) ಬಗ್ಗೆ. ಸರ್ವೋ ಚಾಸಿ ಮೇಲಿದೆ. ಸಸ್ಪೆನ್ಷನ್ ಒತ್ತಿದ್ರೆ ಸ್ಟೀರಿಂಗ್ ತಾನೇ ತಿರುಗತ್ತೆ. ಬಾಲ್ ಎಂಡ್ ಎಲ್ಲಾ ಹೊಸದು ಹಾಕಿದೀನಿ.

ತಂತ್ರಜ್ಞ: ಸವೆತ ಅಲ್ಲ, ಕೋನ. ಸರ್ವೋದಿಂದ ನಕಲ್‌ಗೆ ಹೋಗೋ ಲಿಂಕ್, ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದ ಹಾಗೆ ಹಿಡಿಯೋ ಕಡ್ಡಿ) ಎರಡೂ ಒಂದೇ ಉದ್ದ, ಒಂದಕ್ಕೊಂದು ಸಮಾನಾಂತರ ಇರಬೇಕು. ಎದುರಿಂದ ಫೋಟೋ ತೆಗೆದು ಎರಡರ ಮೇಲೂ ಗೆರೆ ಎಳೆದು ನೋಡಿ. ಹಾರ್ನ್ ಉದ್ದ ಬದಲಾಯಿಸಿದ್ರೆ ಅಥವಾ ಪ್ಯಾನ್‌ಹಾರ್ಡ್ ಹಿಡಿಯೋ ತೂತು ಬದಲಾಯಿಸಿದ್ರೆ ಬಹುಪಾಲು ಸರಿಹೋಗುತ್ತೆ.

ಉಡುಪಿ ಕಡಲು: ನೈಲಾನ್ ಭಾಗ ಕುದಿಸಿದ್ರೆ ಸವೆದದ್ದು ಸರಿಯಾಗುತ್ತೆ ಅಂತ ಒಂದು ಫಾರ್ವರ್ಡ್ ಇದೆ, ಇದಾದ್ರೂ ನಿಜವಾ?

ತಂತ್ರಜ್ಞ: ಅರ್ಧ ನಿಜಾನ ಪೂರ್ತಿ ಸುಳ್ಳು ಮಾಡಿದ್ದಾರೆ. ನೈಲಾನ್ ನೀರು ಹೀರುತ್ತೆ, ಕುದಿಸಿದ್ರೆ ಹೊಸ ಭಾಗದ ಪೆಡಸು ಕಡಿಮೆಯಾಗುತ್ತೆ, ಚಳಿಯಲ್ಲಿ ಸುಲಭಕ್ಕೆ ಮುರಿಯಲ್ಲ. ಸವೆದು ಹೋದ ಪ್ಲಾಸ್ಟಿಕ್ ವಾಪಸ್ ಹೇಗೆ ಬರುತ್ತೆ? ದಯವಿಟ್ಟು ಫಾರ್ವರ್ಡ್‌ಗಳನ್ನ ಇಲ್ಲಿ ತಂದು ಹಾಕೋದು ನಿಲ್ಲಿಸಿ. ಒಂದು ಸಾಲಿನ ಸುಳ್ಳನ್ನ ಬಿಡಿಸೋಕೆ ಹತ್ತು ಸಾಲು ಬರೀಬೇಕು. ನೀವು ಕಡಲ ದಂಡೇಲಿ ಓಡಿಸ್ತೀರಾದ್ರೆ ಕೇಳಬೇಕಾದ್ದು ಬೇರಿಂಗ್ ಬಗ್ಗೆ: ಓಡಿಸಿದ ದಿನವೇ ಸಿಹಿನೀರಲ್ಲಿ ತೊಳೆದು, ಒರೆಸಿ, ಒಣಗಿಸಿ ತೆಳು ಎಣ್ಣೆ ಒಂದು ಹನಿ. ಉಪ್ಪು ರಾತ್ರಿಯಿಡೀ ಕೂತ್ರೆ ಮುಗೀತು.

ಮಿನಿ ಟ್ರಕ್ ಮಂಡ್ಯ: ನನ್ನ ಡಬ್ಲ್ಯೂಪಿಎಲ್ ಕಂಪನಿಯ 1/16 ಟ್ರಕ್‌ಗೆ ಮೆಟಲ್ ಗೇರ್ ಸರ್ವೋ ತಂದೆ, ಪ್ಲಗ್ ಕೂರ್ತಿಲ್ಲ. ಹಳೇದಕ್ಕೆ 5 ವೈರ್ ಇದೆ.

ತಂತ್ರಜ್ಞ: 5 ವೈರ್ ಸರ್ವೋದ ನಿಯಂತ್ರಣ ಸರ್ಕ್ಯೂಟ್ ಟ್ರಕ್‌ನ ಬೋರ್ಡ್‌ನಲ್ಲಿರುತ್ತೆ. 3 ವೈರ್‌ನದ್ದು ಅದಕ್ಕೆ ಕೂರಲ್ಲ. ಬೇರೆ ರಿಸೀವರ್, ಇಎಸ್‌ಸಿ, ಟ್ರಾನ್ಸ್‌ಮಿಟರ್ ಬೇಕು. ಬಲವಂತವಾಗಿ ವೈರ್ ಕತ್ತರಿಸಿ ಜೋಡಿಸಬೇಡಿ.

ಬೆಳಗಾವಿ ಆಫ್‌ರೋಡ್: ನಾಲ್ಕೂ ಚಕ್ರ ತಿರುಗೋ ಹಾಗೆ ಹಿಂದೆಯೂ ಸ್ಟೀರಿಂಗ್ ಹಾಕಿದ್ರೆ ಎರಡು ಸರ್ವೋನ ಒಂದೇ ಚಾನೆಲ್‌ಗೆ ಕೊಡಬಹುದಾ?

ರಾಮನಗರ ಆರ್‌ಸಿ: ಸರ್, ಯಾವ ಸರ್ವೋ ತಗೋಬೇಕು ಅಂತ ಹೇಳಿ, ಒಳ್ಳೇದು.

ತಂತ್ರಜ್ಞ: ಮೇಲೆ ಬರೆದಿದ್ದೀನಿ.

ರಾಮನಗರ ಆರ್‌ಸಿ: ಓದಿದೆ ಸರ್, ಬ್ರಾಂಡ್ ಹೇಳಿ.

ತಂತ್ರಜ್ಞ: ಮಾಡೆಲ್ ಹೇಳದೆ ಬ್ರಾಂಡ್ ಕೇಳಬೇಡಿ.

ಲೋಹದ ಟ್ರಕ್: 35 ಕೆಜಿ ಹಾಕಿ, ಜಾಸ್ತಿ ಇದ್ರೆ ನಷ್ಟ ಏನು.

ತಂತ್ರಜ್ಞ: ನಷ್ಟ ಏನು ಅಂತ ದಾವಣಗೆರೆಯವರಿಗೆ ಇಷ್ಟುದ್ದ ಬರೆದಿದ್ದೀನಿ. ಅದನ್ನ ಓದದೆ ಇನ್ನೊಬ್ಬರಿಗೆ ಅದೇ ಸಲಹೆ ಕೊಡೋದು ಸರಿಯಲ್ಲ.

ದಾವಣಗೆರೆ ಬ್ಯಾಶರ್: ಸರ್, ಟೈ ತೆಗೆದೆ, ಎಂಡ್ ಪಾಯಿಂಟ್ ಎಡ 78, ಬಲ 71ಕ್ಕೆ ನಿಂತಿತು. ಝುಂ ಸದ್ದು ಹೋಯ್ತು. ಒಂದು ಸಣ್ಣ ರೌಂಡ್ ಹೊರಗೆ ಓಡಿಸಿದೆ, ಒಮ್ಮೆ ಮಾತ್ರ ಕಟ್ ಆಯ್ತು. ಅಂಗಡಿಯೋರು 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ರೆ ಸಾಕು, ಬಿಇಸಿ ಬೇಡ ಅಂದ್ರು.

ತಂತ್ರಜ್ಞ: ಓಡಿಸಬೇಡಿ ಅಂತ ಮೊದಲ ಸಾಲಲ್ಲೇ ಬರೆದಿದ್ದೆ. ಅಪಾಯಕ್ಕೆ ಒಮ್ಮೆ ಕಟ್ ಆಗೋದೇ ಸಾಕು. ಕೆಪಾಸಿಟರ್ ಕ್ಷಣಮಾತ್ರದ ಕುಸಿತ ತುಂಬುತ್ತೆ, ಸರ್ವೋ ಹಿಡಿದು ನಿಂತಾಗ ನಿರಂತರ ಬೇಕಾದ ಕರೆಂಟ್ ಕೊಡಲ್ಲ. ಹಾಕೋದಾದ್ರೆ ಬಿಇಸಿ ಜೊತೆಗೆ ಹಾಕಿ, ಅದರ ಬದಲಿಗೆ ಅಲ್ಲ. 10 ಅಥವಾ 16 ವೋಲ್ಟ್‌ನದ್ದು, ಪ್ಲಸ್-ಮೈನಸ್ ತಿರುಗಿಸಿದ್ರೆ ಸಿಡಿಯುತ್ತೆ. ಫೇಲ್‌ಸೇಫ್ ಪರೀಕ್ಷೆ ಏನಾಯ್ತು?

ದಾವಣಗೆರೆ ಬ್ಯಾಶರ್: ಟ್ರಾನ್ಸ್‌ಮಿಟರ್ ಆಫ್ ಮಾಡಿದ್ರೂ ಚಕ್ರ ತಿರುಗ್ತಾನೇ ಇತ್ತು ಸರ್. ಬ್ಯಾಟರಿ ಎಳೆದ ಮೇಲೆ ನಿಂತಿತು.

ತಂತ್ರಜ್ಞ: ಹಾಗಾದ್ರೆ ರಿಸೀವರ್ ಕೊನೆಯ ಥ್ರಾಟಲ್‌ನ ಹಿಡಿದಿಟ್ಟುಕೊಳ್ತಿದೆ. ಸಿಗ್ನಲ್ ಹೋದ್ರೆ ಈ ಟ್ರಕ್ ನಿಲ್ಲೋದು ಯಾವುದಕ್ಕಾದ್ರೂ ಬಡಿದ ಮೇಲೆಯೇ. ಟ್ರಾನ್ಸ್‌ಮಿಟರ್ ಕೈಪಿಡಿಯಲ್ಲಿ ಫೇಲ್‌ಸೇಫ್ ಪುಟ ತೆಗೀರಿ, ಥ್ರಾಟಲ್ ಚಾನೆಲ್‌ನ ನ್ಯೂಟ್ರಲ್‌ಗೆ ಅಥವಾ ಸ್ವಲ್ಪ ಬ್ರೇಕ್‌ಗೆ ಇಟ್ಟು ಉಳಿಸಿ, ಚಕ್ರ ಎತ್ತಿಟ್ಟೇ ಮತ್ತೆ ಪರೀಕ್ಷೆ ಮಾಡಿ. ಬಿಇಸಿ ಕೂರಿಸಿ, ಚಕ್ರ ಎತ್ತಿದ ಸ್ಥಿತಿಯಲ್ಲೇ ಥ್ರಾಟಲ್ ಕೊಡ್ತಾ ಎರಡು ನಿಮಿಷ ಎಡ-ಬಲ ಜೋರಾಗಿ ತಿರುಗಿಸಿ, ರಿಸೀವರ್ ದೀಪ ಒಮ್ಮೆಯೂ ಮಿನುಗಬಾರದು. ಎರಡೂ ಪಾಸಾದ ಮೇಲೆ ಖಾಲಿ ಮೈದಾನ. ಮನೆ ಮುಂದಿನ ರಸ್ತೆ ಬೇಡ.

ದಾವಣಗೆರೆ ಬ್ಯಾಶರ್: ಆಯ್ತು ಸರ್. ಬಿಇಸಿ ಆರ್ಡರ್ ಮಾಡಿದೆ. ಸರ್ವೋದಲ್ಲಿ ವಾಸನೆ ಇನ್ನೂ ಸ್ವಲ್ಪ ಇದೆ, ಇದನ್ನೇ ಇಟ್ಕೋಬಹುದಾ?

ತಂತ್ರಜ್ಞ: ಲಿಂಕ್ ಬಿಚ್ಚಿ, ಸರ್ವೋನ ಖಾಲಿಯಾಗಿ ನಿಧಾನಕ್ಕೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ. ನಡುವೆ ಎಲ್ಲಾದ್ರೂ ತಡವರಿಸಿದ್ರೆ, ನಡುಗಿದ್ರೆ, ಬದಲಾಯಿಸಿ. ಬದಲಾಯಿಸೋದಾದ್ರೆ 20 ಕೆಜಿ ಸಾಕು.