.454 ಕಸೂಲ್ (ಭಾರಿ ರಿವಾಲ್ವರ್ ಗುಂಡು): ಮೂರು ಗುಂಡಿಗೆ ಸಿಲಿಂಡರ್ ಲಾಕ್, ಕ್ರಿಂಪ್ ಬಿಗಿ ಮಾಡಿದರೂ ಬುಲೆಟ್ ಜರುಗುತ್ತಿದೆ

ಪ್ರಶ್ನೆ
ಅಲಾಸ್ಕಾದಲ್ಲಿ ಬೇಟೆಗೆ ಬಳಸುವ ಆರು ಕೋಣೆಯ ರಿವಾಲ್ವರ್, ಬ್ಯಾರಲ್ 2.5 ಇಂಚು. 300 ಗ್ರೇನ್ (ಸುಮಾರು 19 ಗ್ರಾಂ) ಎರಕದ ಸೀಸದ ಬುಲೆಟ್, ಗುಂಡು ಕೈಯಲ್ಲಿ ತುಂಬಿದ್ದು. ಮೂರು ಹಾರಿಸುವಷ್ಟರಲ್ಲಿ ಉಳಿದ ಒಂದರ ಬುಲೆಟ್ ಮೂತಿ ಸಿಲಿಂಡರಿನಿಂದ ಹೊರಬಂದು ಫ್ರೇಮಿಗೆ ತಾಗಿ ನಿಲ್ಲುತ್ತದೆ. ಕ್ರಿಂಪ್ ಡೈ (ಕೇಸಿನ, ಅಂದರೆ ಹಿತ್ತಾಳೆ ಕವಚದ, ಬಾಯಿಯನ್ನು ಬುಲೆಟ್ ಮೇಲೆ ಮಡಚುವ ಅಚ್ಚು) ಅರ್ಧ ಸುತ್ತು ಇಳಿಸಿದ ಮೇಲೆ ಕೆಲವು ಗುಂಡು ಕೋಣೆಯೊಳಗೇ ಇಳಿಯುತ್ತಿಲ್ಲ, ಜರುಗುವುದೂ ನಿಂತಿಲ್ಲ. ಕೇಸುಗಳು ನಾಲ್ಕೈದು ಸಲ ಬಳಸಿದವು. ಬುಲೆಟ್ ಕೂರಿಸುವುದೂ ಕ್ರಿಂಪ್ ಮಾಡುವುದೂ ಒಂದೇ ಡೈಯಲ್ಲಿ, ಒಟ್ಟಿಗೆ.

ಉತ್ತರ 1
ಮೊದಲು ಆ ಅರ್ಧ ಸುತ್ತು ವಾಪಸ್ ಎತ್ತಿ. ಡೈಗೆ ಇಂಚಿಗೆ 14 ಥ್ರೆಡ್. ಅರ್ಧ ಸುತ್ತೆಂದರೆ ಸುಮಾರು 36 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು). ಅಷ್ಟು ಒತ್ತಿದರೆ ಬಾಯಿ ಮಡಚಿದ ಮೇಲೂ ಕೇಸು ತಡೆಯದೆ ಮಡಿಕೆಯ ಕೆಳಗೆ ಉಬ್ಬುತ್ತದೆ. ಆ ಉಬ್ಬೇ ಕೋಣೆಯಲ್ಲಿ ಸಿಕ್ಕಿಕೊಳ್ಳುವುದು. ಉಬ್ಬಿದ ಜಾಗದಲ್ಲಿ ಹಿತ್ತಾಳೆ ಬುಲೆಟ್ಟಿನಿಂದ ದೂರ ಸರಿದಿರುವುದರಿಂದ ಹಿಡಿತವೂ ಹೋಯಿತು.

ಬುಲೆಟ್ಟನ್ನು ಹಿಡಿಯುವುದು ಮುಖ್ಯವಾಗಿ ಕೇಸಿನ ಗೋಡೆ, ಕ್ರಿಂಪ್ ಬರೀ ಬೀಗ. ಒದೆತಕ್ಕೆ ರಿವಾಲ್ವರ್ ಹಿಂದಕ್ಕೆ ಜಿಗಿದಾಗ ಸಿಲಿಂಡರಿನ ಹಿಂಬದಿ ಕೇಸಿನ ರಿಮ್ (ತಳದ ಅಂಚು) ಹಿಡಿದು ಎಳೆಯುತ್ತದೆ, ಭಾರದ ಬುಲೆಟ್ ಮಾತ್ರ ಇದ್ದಲ್ಲೇ ಉಳಿಯಲು ನೋಡುತ್ತದೆ. ಕೊಡಲಿ ಕಾವನ್ನು ನೆಲಕ್ಕೆ ಕುಟ್ಟಿ ತಲೆ ಬಿಗಿ ಮಾಡುತ್ತೀವಲ್ಲ, ಅದೇ ತತ್ವ, ಇಲ್ಲಿ ಉಲ್ಟಾ ಕೆಲಸ. ಬುಲೆಟ್ ಭಾರವಾದಷ್ಟೂ ಗನ್ ಹಗುರವಾದಷ್ಟೂ ಕಾಟ ಹೆಚ್ಚು.

ಬುಲೆಟ್ ಕೂರಿಸುವ ಮುಂಚೆ ಕೇಸಿನ ಬಾಯಿ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಕಡ್ಡಿ ಅಳೆಯಿರಿ. ಎರಕದ ಬುಲೆಟ್ 0.452 ಇಂಚು ಇದ್ದರೆ ಕಡ್ಡಿ 0.449ರಿಂದ 0.450 ಇರಬೇಕು. 0.451 ಬಂದರೆ ಅದೇ ಕಳ್ಳ. ಡ್ರಿಲ್ಲಿಗೆ ಸಿಕ್ಕಿಸಿ ಸಣ್ಣ ಎಮರಿ ಕಾಗದ ಹಿಡಿದು ಇಳಿಸಿ, ಅರ್ಧ ಥೌಗೊಮ್ಮೆ ಅಳೆಯಿರಿ. ಬಾಯಿ ಅಗಲಿಸುವುದು ಬುಲೆಟ್ಟಿನ ತಳ ಸಿಪ್ಪೆ ಸುಲಿಯದೆ ಕೂರುವಷ್ಟಕ್ಕೆ ಮಾತ್ರ.

ಆಮೇಲೆ ಕೇಸುಗಳ ಉದ್ದ. .454ಕ್ಕೆ ಗರಿಷ್ಠ 1.383 ಇಂಚು, ಎಲ್ಲವನ್ನೂ 1.373ಕ್ಕೆ ಕತ್ತರಿಸಿ. ಡೈ ಒಂದೇ ಎತ್ತರದಲ್ಲಿ ನಿಂತಿರುತ್ತದೆ: ಉದ್ದದ ಕೇಸಿಗೆ ಕ್ರಿಂಪ್ ಜಾಸ್ತಿ, ಗಿಡ್ಡದಕ್ಕೆ ನೆಪಮಾತ್ರ. ಕೆಲವು ಇಳಿಯದೆ, ಕೆಲವು ಜರುಗಿ, ಎರಡೂ ಒಟ್ಟಿಗೆ ಆಗುತ್ತಿರುವುದು ಇದರಿಂದಲೇ.

ಕ್ರಿಂಪ್‌ಗೆ ಬೇರೆ ಡೈ, ಬೇರೆ ಹಂತ. ಬುಲೆಟ್ ಇನ್ನೂ ಕೆಳಗಿಳಿಯುತ್ತಿರುವಾಗಲೇ ಬಾಯಿ ಮಡಚಿದರೆ ಅಂಚು ಸೀಸ ಕೆರೆಯುತ್ತದೆ. ಡೈ ಕೇಸಿನ ಬಾಯಿಗೆ ತಾಗಿದ ಮೇಲೆ ಎಂಟನೇ ಒಂದು ಸುತ್ತು, ಅಂದರೆ 9 ಥೌ; ಬೇಕಾದರೆ ಅಲ್ಲಿಂದ ಸ್ವಲ್ಪ ಸ್ವಲ್ಪ. ಅಂಚು ಬುಲೆಟ್ಟಿನ ಕ್ರಿಂಪ್ ಗೀರಿನೊಳಗೇ ಬೀಳಬೇಕು.

ಕ್ರಿಂಪ್‌ಗೆ ಮುಂಚೆ ಒಂದನ್ನು, ಅದೂ ಪ್ರೈಮರೂ ಮದ್ದೂ ಇಲ್ಲದ ಡಮ್ಮಿಯನ್ನು, ಮೂತಿ ಕೆಳಗಾಗಿ ಮೇಜಿನ ಅಂಚಿಗೆ ಎರಡೂ ಹೆಬ್ಬೆರಳಿಂದ ಒತ್ತಿ ನೋಡಿ. ಕೂದಲೆಳೆಯಷ್ಟು ಒಳಗೆ ಹೋದರೂ ಹಿಡಿತ ಸಾಲದು, ಯಾವ ಕ್ರಿಂಪೂ ಕಾಪಾಡುವುದಿಲ್ಲ.

ಮರುಪ್ರಶ್ನೆ
ಕಡ್ಡಿ 0.4512 ಇತ್ತು. ಕೇಸುಗಳಲ್ಲಿ 11 ಥೌ ವ್ಯತ್ಯಾಸ. ಸರಿಯಾಯಿತೋ ಇಲ್ಲವೋ ಪರೀಕ್ಷಿಸುವುದು ಹೇಗೆ?

ಉತ್ತರ 2
ಒಂದು ಗುಂಡಿನ ತಳಕ್ಕೆ ಮಾರ್ಕರ್ ಗೆರೆ ಎಳೆದು ಒಟ್ಟು ಉದ್ದ ಬರೆದಿಡಿ. ಉಳಿದ ಐದನ್ನು ಹಾರಿಸಿ, ಅದನ್ನು ತೆಗೆದು ಮತ್ತೆ ಅಳೆಯಿರಿ. ಉದ್ದ 2-3 ಥೌ ಹೆಚ್ಚಾಗಿದ್ದರೆ ಚಿಂತೆಯಿಲ್ಲ. 10 ದಾಟಿದರೆ ಹಗುರ ಬುಲೆಟ್‌ಗೆ ಬನ್ನಿ, 250 ಅಥವಾ 260 ಗ್ರೇನ್. ಅಳತೆಯ ಗುಂಡನ್ನು ಮತ್ತೆ ಮತ್ತೆ ಬಳಸಬೇಡಿ, ಅದು ಆಗಲೇ ಐದು ಏಟು ತಿಂದಿರುತ್ತದೆ.

ಇನ್ನೊಂದು ವಿಷಯ. H110 ತರಹದ ನಿಧಾನದ ಮದ್ದು ಬಳಸುತ್ತಿದ್ದರೆ ಜರುಗಿದ ಬುಲೆಟ್ ಬರೀ ಲಾಕ್ ಮಾಡುವುದಿಲ್ಲ. ಒಳಗೆ ಜಾಗ ಹೆಚ್ಚಾಗಿ ಮದ್ದು ಸರಿಯಾಗಿ ಹೊತ್ತಿಕೊಳ್ಳದೆ ಬುಲೆಟ್ ಬ್ಯಾರಲ್ಲಿನಲ್ಲೇ ಉಳಿಯಬಹುದು. ಸದ್ದು ಸಪ್ಪೆಯಾದರೆ ಮುಂದಿನದನ್ನು ಹಾರಿಸದೆ ಬ್ಯಾರಲ್ ನೋಡಿ. ಒತ್ತಡ ಕಡಿಮೆ ಮಾಡೋಣವೆಂದು ಈ ಮದ್ದನ್ನು ಪುಸ್ತಕದ ಕನಿಷ್ಠಕ್ಕಿಂತ ಕೆಳಗಿಳಿಸುವುದೂ ಬೇಡ.

ಉತ್ತರ 1 (ಮತ್ತೆ)
ಲಾಕ್ ಆದಾಗ ಸುತ್ತಿಗೆ ಮುಟ್ಟಬೇಡಿ. ಮೂತಿ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರಿನಿಂದ ದೂರ. ಹೊರಬಂದ ಬುಲೆಟ್ಟನ್ನು ಪಕ್ಕದಿಂದ ಮರದ ಕಡ್ಡಿಯಲ್ಲಿ ಮೆಲ್ಲಗೆ ಒಳಗೆ ದೂಡಿ ಸಿಲಿಂಡರ್ ಬಿಡಿಸಿಕೊಳ್ಳಿ. ಬರದಿದ್ದರೆ ಗನ್‌ಸ್ಮಿತ್ ಹತ್ತಿರ. ಹಾಗೆ ದೂಡಿದ ಗುಂಡನ್ನು ಹಾರಿಸಬೇಡಿ, ಬಿಚ್ಚಿ ಹಾಕಿ.