ಚಾಟಿ ಬೇಡ ಭಾವ, ಮೊದಲು ಕುದುರೆಯ ಹಲ್ಲು ನೋಡಿಸಿ

ತಮ್ಮಾ, ನಿನ್ನ ಸಂದೇಶ ಓದಿದೆ, ಅದಕ್ಕೆ ಬಂದ ಉತ್ತರಗಳನ್ನೂ ಓದಿದೆ. ನಾಲ್ಕು ಸಾಲು ಬರೆದು ಮುಗಿಸುವ ವಿಷಯವಲ್ಲ, ಅದಕ್ಕೇ ಮಾತಿನಲ್ಲಿ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ಬೇಡವಾದವರು ದಾಟಿಕೊಂಡು ಹೋಗಿ. ಹೊಸ ಹೆಣ್ಣು ಕುದುರೆ ಬಂದಾಗ ಸಾಧುವಾಗಿತ್ತು, ಈಗ ಜೀನು ಕಂಡರೆ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತದೆ, ಮೈದಾನದಲ್ಲಿ ಕೈಗೆ ಸಿಗುವುದಿಲ್ಲ, ಸಾಗಿಸುವ ವಾಹನದ ಮುಂದೆ ಕಾಲು ಊರಿ ನಿಲ್ಲುತ್ತದೆ, ಪ್ಲಾಸ್ಟಿಕ್ ಹಾಳೆ ಹಾರಿದರೂ ಬೆದರುತ್ತದೆ. ಇಷ್ಟು ನಿನ್ನ ದೂರು. ಅದಕ್ಕೆ ಭಾವನವರು “ನಾಲ್ಕು ಬಾರಿಸು, ಯಜಮಾನ ಯಾರೆಂದು ತಿಳಿಯಲಿ” ಎಂದು ಬರೆದಿದ್ದಾರೆ.

ಭಾವ, ನೀವು ಹಿರಿಯರು, ಆದರೆ ಈ ಮಾತನ್ನು ಒಪ್ಪಲಾರೆ. ಇದು ಈಗಿನ ಕಾಲದವರ ಮೆದುತನ ಎಂದೂ ತಿಳಿಯಬೇಡಿ. ಗ್ರೀಸಿನ ಕ್ಸೆನೊಫೋನ್ ದಂಡು ನಡೆಸಿದವನು, ಯುದ್ಧ ಕಂಡವನು. ಸಿಟ್ಟಿನಲ್ಲಿರುವಾಗ ಕುದುರೆಯ ಗೊಡವೆಗೆ ಹೋಗಬಾರದು ಎಂದು ಅವನು ಕ್ರಿ.ಪೂ. 4ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಹೆದರಿದ ಕುದುರೆಯನ್ನು ಹೊಡೆದರೆ, ತನ್ನನ್ನು ಹೆದರಿಸಿದ ವಸ್ತುವೇ ಆ ನೋವಿಗೂ ಕಾರಣ ಎಂದು ಅದು ಭಾವಿಸುತ್ತದೆ, ಭಯ ಇನ್ನಷ್ಟು ಬೆಳೆಯುತ್ತದೆ ಎಂದೂ ಹೇಳಿದ್ದಾನೆ. ಅದಕ್ಕಿಂತ ಚೆನ್ನಾಗಿ ನಾನೇನು ಹೇಳಲಿ?

ತಮ್ಮಾ, ಮೊದಲ ಕೆಲಸ ತರಬೇತಿಯಲ್ಲ, ಪಶುವೈದ್ಯರನ್ನು ಕರೆಸುವುದು. ಸಾಧುವಾಗಿದ್ದ ಪ್ರಾಣಿ ಜೀನು ಕಂಡೊಡನೆ ಮುಖ ಬಿಗಿದರೆ ನನ್ನ ಅನುಮಾನ ನೇರವಾಗಿ ನೋವಿನ ಕಡೆ ಹೋಗುತ್ತದೆ. ಹಲ್ಲು ನೋಡಿಸು. ಕುದುರೆಯ ಮೇಲ್ದವಡೆ ಕೆಳದವಡೆಗಿಂತ ಅಗಲ. ಅರೆದು ಅರೆದು ಮೇಲಿನ ಹಲ್ಲುಗಳ ಹೊರ ಅಂಚು, ಕೆಳಗಿನವುಗಳ ಒಳ ಅಂಚು ಚೂಪಾಗಿ ಕೆನ್ನೆಯನ್ನೂ ನಾಲಿಗೆಯನ್ನೂ ಕೊಯ್ಯುತ್ತವೆ. ಅಂಥ ಬಾಯಿಗೆ ಕಡಿವಾಣ ಹಾಕಿ ಲಗಾಮು ಎಳೆದರೆ ತಲೆ ಕೊಡವದೆ ಏನು ಮಾಡೀತು? ವರ್ಷಕ್ಕೊಮ್ಮೆಯಾದರೂ ಹಲ್ಲು ಪರೀಕ್ಷಿಸಿ, ಬೇಕಿದ್ದರೆ ಅರ ಹಾಕಿಸಿ ಚೂಪು ತೆಗೆಸಬೇಕು.

ಆಮೇಲೆ ಬೆನ್ನು. ಬೆನ್ನೆಲುಬಿನ ಎರಡೂ ಪಕ್ಕದ ಸ್ನಾಯುವಿನ ಮೇಲೆ ನಾಲ್ಕು ಬೆರಳನ್ನು ಒತ್ತಿ, ಹೆಗಲಿನಿಂದ ಸೊಂಟದವರೆಗೆ ನಿಧಾನವಾಗಿ ಎಳೆದು ನೋಡು. ಒಂದೇ ಜಾಗದಲ್ಲಿ ಚರ್ಮ ಅದುರಿದರೆ, ಬೆನ್ನು ತಗ್ಗಿಸಿದರೆ, ಬಾಲ ಬೀಸಿದರೆ ಆ ಜಾಗವನ್ನು ವೈದ್ಯರಿಗೆ ತೋರಿಸು. ಸವಾರಿ ಮುಗಿಸಿ ಜೀನು ತೆಗೆದಾಗ ಬೆವರಿನ ಗುರುತನ್ನೂ ಗಮನಿಸು. ಸುತ್ತಲೂ ಒದ್ದೆ ಇದ್ದು ನಡುವೆ ಅಂಗೈಯಗಲ ಒಣಗಿದ್ದರೆ ಜೀನು ಅಲ್ಲಿ ಒತ್ತುತ್ತಿರಬಹುದು.

ಹೊಟ್ಟೆಯ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಕುದುರೆಯ ಜಠರದಲ್ಲಿ, ತಿನ್ನಲಿ ಬಿಡಲಿ, ಆಮ್ಲ ಸದಾ ಸ್ರವಿಸುತ್ತಲೇ ಇರುತ್ತದೆ. ದಿನದ ಬಹುಪಾಲು ಮೇಯಲೆಂದೇ ಆದ ದೇಹ ಅದು. ಎರಡು ಹೊತ್ತು ಧಾನ್ಯ ಹಾಕಿ ಉಳಿದ ಹೊತ್ತು ಬರಿಹೊಟ್ಟೆಯಲ್ಲಿ ಲಾಯದಲ್ಲಿ ಕಟ್ಟಿದರೆ ಹುಣ್ಣಾಗುತ್ತದೆ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವ ಕುದುರೆಗಳಲ್ಲಿ ಇದೂ ಒಂದು ಕಾರಣವಿರಬಹುದು. ಹುಲ್ಲು ಸದಾ ಸಿಗುವಂತಿರಲಿ, ಸವಾರಿಗೆ ಮುಂಚೆಯೂ ಸ್ವಲ್ಪ ತಿನ್ನಲಿ.

ನೋವಿಲ್ಲ ಎಂದು ಖಚಿತವಾದ ಮೇಲೆ ತರಬೇತಿ. ಇಲ್ಲಿ ನಾನು ಹೇಳಬೇಕಾದದ್ದು ಒಂದೇ: ಒತ್ತಡ ಹಾಕಿದಾಗ ಕುದುರೆ ಕಲಿಯುವುದಿಲ್ಲ, ಒತ್ತಡ ಬಿಟ್ಟಾಗ ಕಲಿಯುತ್ತದೆ. ಬಿಡುವ ಗಳಿಗೆಯಲ್ಲಿ ಅದು ಏನು ಮಾಡುತ್ತಿತ್ತೋ ಅದೇ ಸರಿ ಎಂದುಕೊಳ್ಳುತ್ತದೆ. ಅದು ಹಲ್ಲು ತೋರಿಸಿತು, ನೀನು ಬೆಚ್ಚಿ ಜೀನು ಕೆಳಗಿಟ್ಟೆ. ಹಲ್ಲು ತೋರಿಸಿದರೆ ಜೀನು ಹೋಗುತ್ತದೆ ಎಂದು ಪಾಠವಾಯಿತು. ನಾವು ಮೊಂಡುತನ ಎನ್ನುವುದರಲ್ಲಿ ಬಹುಪಾಲು ಹೀಗೆ ನಾವೇ ಕಲಿಸಿದ್ದು.

ನಾಳೆಯೇ ಇಷ್ಟು ಮಾಡಿ ನೋಡು. ಹಾಲ್ಟರ್, ಅಂದರೆ ಕಡಿವಾಣವಿಲ್ಲದ ಮುಖಪಟ್ಟಿ, ಹಾಕಿ ಹೆಗಲಿನ ಪಕ್ಕ ನಿಲ್ಲು, ಎದುರಿಗೆ ಬೇಡ. ಗದ್ದದ ಕೆಳಗಿನ ಹಗ್ಗವನ್ನು ಎರಡೇ ಬೆರಳಲ್ಲಿ ಹಿಡಿದು ಕೈಯ ಭಾರವನ್ನಷ್ಟೇ ಕೆಳಕ್ಕೆ ಬಿಡು. ಎಳೆಯಬೇಡ. ಮೊದಲು ಅದು ತಲೆಯನ್ನು ಮೇಲೆತ್ತಿ ನೋಡುತ್ತದೆ. ನಿನ್ನ ಕೈಯೂ ಜೊತೆಗೆ ಮೇಲೆ ಹೋಗಲಿ, ಭಾರ ಮಾತ್ರ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಪಕ್ಕಕ್ಕೆ ತಿರುಗಿಸುತ್ತದೆ, ಕಾಯಿ. ಒಂದು ಗಳಿಗೆಯಲ್ಲಿ ಹಗ್ಗ ಕೂದಲೆಳೆಯಷ್ಟು ಸಡಿಲವಾಗುತ್ತದೆ, ತಲೆ ಒಂದು ಬೆರಳಿನಷ್ಟು ತಗ್ಗುತ್ತದೆ. ತಕ್ಷಣ ಬೆರಳು ಬಿಚ್ಚು. ಎರಡು ಸೆಕೆಂಡ್ ತಡವಾದರೆ ಅಷ್ಟರಲ್ಲಿ ಅದು ಮತ್ತೆ ತಲೆ ಎತ್ತಿರುತ್ತದೆ, ನೀನು ಕಲಿಸಿದ್ದು ಅದನ್ನೇ. ಸ್ವಲ್ಪ ಬಿಡುವು ಕೊಟ್ಟು ಮತ್ತೆ ಕೇಳು. ಕೆಲವು ಸಲ ಆದಮೇಲೆ ಬೆರಳು ತಾಗಿದರೆ ಸಾಕು, ಮೂಗು ಮೊಣಕಾಲಿನ ಮಟ್ಟಕ್ಕೆ ಇಳಿಯುತ್ತದೆ. ಹಿಂದೆ ಸರಿಸುವುದು, ಹೆಗಲು ಪಕ್ಕಕ್ಕೆ ಜರುಗಿಸುವುದು, ಗೊರಸು ಎತ್ತಿಸುವುದು, ಎಲ್ಲಕ್ಕೂ ಇದೇ ವ್ಯಾಕರಣ. ಒಂದು ಎಚ್ಚರ: ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬೇಡ, ಮಡಿಕೆ ಮಾಡಿ ಹಿಡಿ. ನಾಲ್ಕೈದು ನೂರು ಕಿಲೋ ತೂಕದ ಪ್ರಾಣಿ ಬೆದರಿ ಓಡಿದರೆ ಬೆರಳು ಉಳಿಯುವುದಿಲ್ಲ.

ಇಷ್ಟು ಸಣ್ಣದು ಅದಕ್ಕೆ ತಿಳಿಯುತ್ತದೆಯೇ ಎಂದು ಕೇಳುತ್ತೀಯ. ಕಳೆದ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ತಟ್ಟಿ ಲೆಕ್ಕಕ್ಕೆ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಗುಟ್ಟು ಬಿಚ್ಚಿದ. ಪ್ರಶ್ನೆ ಕೇಳಿದವನು ಸರಿಯಾದ ಸಂಖ್ಯೆ ಬಂದೊಡನೆ ತನಗೇ ಅರಿವಿಲ್ಲದೆ ಬಿಗಿ ಸಡಿಲಿಸಿ ತಲೆಯನ್ನು ಒಂದಿಷ್ಟು ಅಲುಗಿಸುತ್ತಿದ್ದ, ಕುದುರೆ ಅದನ್ನು ನೋಡಿ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಲೆಕ್ಕ ಬಾರದ ಕುದುರೆ, ಆದರೆ ಮನುಷ್ಯನ ಮೈಯನ್ನು ಓದುವುದರಲ್ಲಿ ಪಂಡಿತ. ನಿನ್ನ ಹೆಗಲು ಬಿಗಿದಿದೆಯೇ, ಉಸಿರು ಕಟ್ಟಿದೆಯೇ ಎಂಬುದು ನಿನ್ನ ಕುದುರೆಗೂ ಕಾಣುತ್ತದೆ.

ಮೈದಾನದಲ್ಲಿ ಹಿಡಿಯುವುದಕ್ಕೂ ಇದೇ ಉಪಾಯ. ಹಗ್ಗ ಹಿಡಿದು ಕಣ್ಣು ನೆಟ್ಟು ನೇರವಾಗಿ ನಡೆದು ಬರುವವನು ಅದಕ್ಕೆ ಬೇಟೆಗಾರನಂತೆ ಕಾಣುತ್ತಾನೆ. ಬಳಸಿಕೊಂಡು, ಹೆಗಲಿನ ಕಡೆಗೆ ನಡೆ. ಅದು ಮೇಯುವುದನ್ನು ಬಿಟ್ಟು ನಿನ್ನತ್ತ ತಿರುಗಿದೊಡನೆ ನಿಲ್ಲು, ಮುಖ ತಿರುಗಿಸು, ಎರಡು ಹೆಜ್ಜೆ ಹಿಂದೆ ಹೋಗು. ನೀನು ಹಿಂದೆ ಸರಿಯುವುದೇ ಅದಕ್ಕೆ ಬಹುಮಾನ. ಹತ್ತಿರ ಬಿಟ್ಟುಕೊಂಡಾಗ ಕುತ್ತಿಗೆಯೂ ಬೆನ್ನೂ ಸೇರುವ ಉಬ್ಬಿನ ಬಳಿ ಚೆನ್ನಾಗಿ ಕೆರೆ. ಕುದುರೆಗಳು ಪರಸ್ಪರ ಕೆರೆದುಕೊಳ್ಳುವ ಜಾಗ ಅದು, ಅಲ್ಲಿ ಕೆರೆದರೆ ಹೃದಯ ಬಡಿತವೇ ನಿಧಾನವಾಗುತ್ತದೆ. ಕೆಲವು ದಿನ ಹಾಲ್ಟರ್ ಹಾಕಿ, ಕೆರೆದು, ಹಾಗೇ ಬಿಟ್ಟುಬಿಡು. ಸಿಕ್ಕಿದಾಗಲೆಲ್ಲ ದುಡಿಮೆಯೇ ಎಂದಾದರೆ ಯಾರು ತಾನೇ ಸಿಗುತ್ತಾರೆ!

ಕಚ್ಚುವುದಕ್ಕೆ ಹೆಚ್ಚು ಹೇಳುವುದಿಲ್ಲ. ಮಕ್ಕಳು ಕೈಯಲ್ಲಿ ಕ್ಯಾರೆಟ್ ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಲಿ, ಕೊಡುವುದಿದ್ದರೆ ಬಕೆಟ್ಟಿನಲ್ಲಿ ಹಾಕಲಿ. ಮುಖಕ್ಕೆ ಹೊಡೆಯಬೇಡಿ, ಆಮೇಲೆ ಹಾಲ್ಟರ್ ಹಾಕಲು ಕೈ ಎತ್ತಿದರೂ ತಲೆ ಎಳೆದುಕೊಳ್ಳುತ್ತದೆ. ಅದು ಮೈಮೇಲೆ ಬಂದರೆ ನೀನು ಹಿಂದೆ ಸರಿಯದೆ ಅದನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸು, ಅಷ್ಟೇ.

ವಾಹನ ಹತ್ತಿಸುವುದಕ್ಕೆ ಮಾತ್ರ ತಾಳ್ಮೆ ಬೇಕು. ಅದರ ಕಣ್ಣಿನಿಂದ ನೋಡು. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಕುದುರೆಯ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಮುಂದೆ ಕತ್ತಲ ಗುಹೆ, ಕಾಲಡಿ ಟೊಳ್ಳು ಸದ್ದು, ಹೊರಗೆ ಓಡಲು ದಾರಿಯಿಲ್ಲ. ಎಲ್ಲಿಗೂ ಹೋಗುವ ಅವಸರವಿಲ್ಲದ ದಿನ ಅಭ್ಯಾಸ ಮಾಡು. ಒಳಗೆ ಬೆಳಕು ಬೀಳುವಂತೆ ನಿಲ್ಲಿಸು. ಇಳಿಜಾರು ಹಲಗೆಯ ಮೇಲೆ ಒಂದು ಕಾಲಿಟ್ಟರೆ ಹಗ್ಗ ಸಡಿಲಿಸು, ಅದು ಭಯದಿಂದ ಹಿಂದೆ ಸರಿಯುವ ಮೊದಲೇ ನೀನಾಗಿ ಹಿಂದಕ್ಕೆ ಕರೆದುಕೊಂಡು ಬಾ. ಹಿಂದೆ ಬರಬಹುದು ಎಂದು ಗೊತ್ತಾದ ಕುದುರೆಯೇ ಮುಂದೆ ಹೋಗುವುದು. ಒಳಗೆ ಹುಲ್ಲು ಇರಲಿ. ಅಲ್ಲಿ ನಿಂತು ನೆಮ್ಮದಿಯಾಗಿ ತಿನ್ನುವವರೆಗೆ ಬಾಗಿಲು ಮುಚ್ಚಬೇಡ. ಹತ್ತಿಸಿದಾಗ ಮೊದಲು ಕುದುರೆಯ ಹಿಂದಿನ ಅಡ್ಡಪಟ್ಟಿ ಹಾಕಿ ಆಮೇಲೆ ತಲೆ ಕಟ್ಟಬೇಕು. ಇಳಿಸುವಾಗ ಮೊದಲು ತಲೆ ಬಿಚ್ಚಿ ಆಮೇಲೆ ಹಿಂದಿನದು ತೆಗೆಯಬೇಕು. ಈ ಕ್ರಮ ತಪ್ಪಿದರೆ ತಲೆ ಕಟ್ಟಿದಂತೆಯೇ ಹಿಂದಕ್ಕೆ ಜಗ್ಗಿ ದೊಡ್ಡ ಅನಾಹುತ ಮಾಡಿಕೊಳ್ಳುತ್ತದೆ.

ಬೆದರುವ ವಿಷಯಕ್ಕೆ ಅತ್ತಿಗೆ ಒಂದು ವಿಡಿಯೊ ಹಾಕಿದ್ದಾರೆ: ಕುದುರೆಯನ್ನು ಕಂಬಕ್ಕೆ ಕಟ್ಟಿ, ಅದು ಸುಮ್ಮನಾಗುವವರೆಗೆ ಪ್ಲಾಸ್ಟಿಕ್ ಬಡಿಯುವುದು. ಅತ್ತಿಗೆ, ಅದು ಸುಮ್ಮನಾದದ್ದು ಧೈರ್ಯ ಬಂದು ಅಲ್ಲ, ಕೈಚೆಲ್ಲಿ. ಅಂಥ ಕುದುರೆ ಇನ್ನೊಂದು ದಿನ ಎಚ್ಚರಿಕೆಯನ್ನೇ ಕೊಡದೆ ಸಿಡಿಯಬಹುದು. ಹಾಳೆಯನ್ನು ದೂರದಲ್ಲಿ ಇಡಿ. ಅದು ತಲೆ ಎತ್ತಿ, ಕಿವಿ ನಿಮಿರಿಸಿ, ಉಸಿರು ಹಿಡಿದ ಜಾಗವೇ ಗಡಿ. ಗಡಿಯ ಈಚೆ ನಿಂತು ಮೂಗು ಫುರ್ರೆನ್ನುವವರೆಗೆ, ತಲೆ ತಗ್ಗುವವರೆಗೆ ಕಾಯಿರಿ, ಆಮೇಲೆ ಹಿಂದಿರುಗಿ. ಇನ್ನೊಂದು ಉಪಾಯ, ಯಾರಾದರೂ ಹಾಳೆಯನ್ನು ಎಳೆದುಕೊಂಡು ಮುಂದೆ ಹೋಗಲಿ, ಕುದುರೆ ಹಿಂಬಾಲಿಸಲಿ. ತನ್ನಿಂದ ದೂರ ಓಡುವ ವಸ್ತುವಿಗೆ ಹೆದರುವುದು ಕಷ್ಟ. ಒಂದು ಪಕ್ಕಕ್ಕೆ ರೂಢಿಯಾದರೆ ಸಾಲದು, ಎರಡೂ ಪಕ್ಕದಿಂದ ತೋರಿಸಬೇಕು. ಕುದುರೆಗೆ ಸುಮಾರು 350 ಡಿಗ್ರಿ ಸುತ್ತಲೂ ಕಾಣುತ್ತದೆ. ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಮಾತ್ರ ಕುರುಡು. ಆ ಎರಡು ಕಡೆಯಿಂದ ಸದ್ದಿಲ್ಲದೆ ಯಾರೂ ಹೋಗಬೇಡಿ, ಮಕ್ಕಳಿಗೆ ಇದನ್ನು ಮೊದಲು ಹೇಳಿ.

ಹಿಂಗಾಲ ಮೇಲೆ ನಿಲ್ಲುವುದು, ಬೆನ್ನು ಬಿಲ್ಲಾಗಿಸಿ ಸವಾರನನ್ನು ಎಸೆಯುವುದು ಶುರುವಾದರೆ ನನ್ನ ಸಂದೇಶ ಕೇಳಿ ಪ್ರಯೋಗ ಮಾಡಬೇಡ. ಕೆಳಗಿಳಿ, ಅನುಭವಿ ತರಬೇತುದಾರರನ್ನು ಕರೆಸು.

ಸದ್ಯಕ್ಕೆ ಜೀನು ಹಾಕುವ ಹೊತ್ತಿನ ಒಂದು ವಿಡಿಯೊ ತೆಗೆದು ಕಳಿಸು. ಕಿವಿ, ಬಾಯಿ, ಬಾಲ ಮೂರೂ ಕಾಣಲಿ, ನಿನ್ನ ಕೈಗಳೂ ಕಾಣಲಿ. ವೈದ್ಯರು ಹಲ್ಲು, ಬೆನ್ನು ನೋಡಿ ಏನೆಂದರು ಎಂದೂ ತಿಳಿಸು. ಅಲ್ಲಿಯವರೆಗೆ ಜೀನು ಗೋಡೆಯ ಮೇಲೇ ಇರಲಿ.