ಕ್ಯಾನ್ವಾಸ್ ಟರ್ಪಾಲಿಗೆ ಮೇಣ ಬಳಿಯುವಾಗ ತಲೆಸುತ್ತು: ಶೆಡ್ಡಿನಲ್ಲಿ ಸುರಕ್ಷಿತವಾಗಿ ಮಾಡುವ ಕ್ರಮ ಯಾವುದು?

ಸೀತಾಂಗೋಳಿ ಹೊಲಿಗೆ

ನಾಲ್ಕು ಜನ ಕೆಲಸ ಮಾಡುವ ಹೊಲಿಗೆ ಶೆಡ್. ಪಿಕಪ್ ಹೊದಿಕೆ, ಪಂಪಿನ ಕವರು, ಅಡಿಕೆ ರಾಶಿಗೆ ಮುಚ್ಚುವ ಟರ್ಪಾಲು, ಎಲ್ಲ 450 ಜಿಎಸ್‌ಎಂ (ಚದರ ಮೀಟರಿಗೆ 450 ಗ್ರಾಂ ತೂಗುವ) ಹತ್ತಿ ಕ್ಯಾನ್ವಾಸ್. ಪ್ಯಾರಾಫಿನ್ ಮೇಣವನ್ನು ಗ್ಯಾಸ್ ಒಲೆಯಲ್ಲಿ ಕರಗಿಸಿ, ಇಳಿಸಿ, ಮಿನರಲ್ ಟರ್ಪೆಂಟೈನ್ (ಪೇಂಟ್ ತೆಳ್ಳಗೆ ಮಾಡುವ ದ್ರಾವಕ) ಬೆರೆಸಿ ಬ್ರಶ್ಶಿನಲ್ಲಿ ಬಳಿಯುತ್ತೇವೆ. ಮೇಲೆ ಗೋಡೆಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಉಂಟು. ಆದರೂ ಮಧ್ಯಾಹ್ನಕ್ಕೆ ಎಲ್ಲರಿಗೂ ತಲೆಸುತ್ತು, ಎನ್95 ಮಾಸ್ಕ್ ಹಾಕಿದರೂ ಅಷ್ಟೇ. ಮೇಲಿಂದ, ಮಡಿಸಿದಲ್ಲಿ ಮೇಣ ಬಿರಿಯುತ್ತದೆ, ಹೊಲಿಗೆಯಲ್ಲಿ ನೀರು ಜಿನುಗುತ್ತದೆ. ಮಳೆಗಾಲಕ್ಕೆ ಮೊದಲು 18×12 ಅಡಿಯ 30 ಟರ್ಪಾಲು ಕೊಡಬೇಕು. ಗೊತ್ತಿದ್ದವರು ಹೇಳಿ.

ಮಂಜೇಶ್ವರ ಕೆಮಿಸ್ಟ್

ಮೊದಲು ಆ ಒಲೆಯನ್ನೂ ಟರ್ಪೆಂಟೈನನ್ನೂ ಒಂದೇ ಮಾಡಿನ ಕೆಳಗೆ ಇಡುವುದನ್ನು ನಿಲ್ಲಿಸಿ ಮಾರಾಯ್ರೇ. ಮಿನರಲ್ ಟರ್ಪೆಂಟೈನ್ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಕರಗಿದ ಮೇಣ ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ. ಒಲೆಯಿಂದ ಇಳಿಸಿ ಬೆರೆಸಿದರೂ ಪಾತ್ರೆಯ ಬಿಸಿಗೆ ಆವಿ ಏಳುವುದು ನಿಲ್ಲುವುದಿಲ್ಲ. ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಆವಿ ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ನೀರಿನ ಹಾಗೆ ಹರಿದು ಮೂಲೆಯಲ್ಲಿ ನಿಲ್ಲುತ್ತದೆ. ಹಾಗಾಗಿ ಎತ್ತರದಲ್ಲಿರುವ ನಿಮ್ಮ ಫ್ಯಾನಿಗೆ ಅದು ಸಿಗುವುದೇ ಕಡಿಮೆ. ಸಿಕ್ಕಿದರೂ ಸಾಮಾನ್ಯ ಫ್ಯಾನಿನ ಮೋಟಾರು ಆವಿಯ ದಾರಿಯಲ್ಲೇ ಇದ್ದರೆ ಅದರ ಕಿಡಿಯೇ ಅಪಾಯ. ಎನ್95 ಧೂಳು ಹಿಡಿಯುತ್ತದೆ, ಆವಿ ಹಿಡಿಯುವುದಿಲ್ಲ. ಆವಿಗೆ ಇದ್ದಿಲು ತುಂಬಿದ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು, ಅದರ ಮೇಲೆ 'ಆರ್ಗ್ಯಾನಿಕ್ ವೇಪರ್' ಎಂದು ಬರೆದಿರಬೇಕು. ರಬ್ಬರ್ ಗ್ಲೌಸ್ ಟರ್ಪೆಂಟೈನಿಗೆ ಉಬ್ಬಿ ಮೆತ್ತಗಾಗುತ್ತದೆ, ನೈಟ್ರೈಲ್ ತಾಳುತ್ತದೆ. ಡಬ್ಬ ಕೊಟ್ಟ ಅಂಗಡಿಯಲ್ಲಿ ಎಸ್‌ಡಿಎಸ್ ಹಾಳೆ (ಆ ರಾಸಾಯನಿಕದ ಸುರಕ್ಷತಾ ವಿವರದ ಹಾಳೆ) ಕೇಳಿ. ಅದರ 8ನೇ ಭಾಗದಲ್ಲಿ ಗ್ಲೌಸ್, ಮಾಸ್ಕ್ ವಿವರ, 9ರಲ್ಲಿ ಹೊತ್ತುವ ಉಷ್ಣತೆ ಇರುತ್ತದೆ.

ಆದರೆ ಮಾಸ್ಕ್ ಕೊನೆಯ ಉಪಾಯ. ನಿಮ್ಮ ಕೆಲಸಕ್ಕೆ ಟರ್ಪೆಂಟೈನೇ ಬೇಡ. ಚಿಮಿಣಿ ಎಣ್ಣೆ, ಪೆಟ್ರೋಲು ಹೇಳುವುದೇ ಬೇಡ.

ಉಪ್ಪಳ ಟರ್ಪಾಲು

ಕೆಮಿಸ್ಟ್ ಅಣ್ಣ ಹೇಳಿದ್ದು ಸರಿ. ಟರ್ಪೆಂಟೈನ್ ಇಲ್ಲದೆ ಮೇಣ ಹಾಕುವ ಕ್ರಮ ಹೀಗೆ.

4 ಪಾಲು ಪ್ಯಾರಾಫಿನ್, 1 ಪಾಲು ಜೇನುಮೇಣ. ಬರೀ ಪ್ಯಾರಾಫಿನ್ ಗಟ್ಟಿ, ಮಡಿಸಿದಲ್ಲಿ ಬಿರಿಯುವುದು ಅದಕ್ಕೇ. ಜೇನುಮೇಣ ಸೇರಿದರೆ ಬಾಗುತ್ತದೆ. ಪ್ಯಾರಾಫಿನ್ 58–60 ಡಿಗ್ರಿಯಲ್ಲಿ ಕರಗುವಂಥದ್ದೇ ತನ್ನಿ. ಅದಕ್ಕಿಂತ ಮೆತ್ತಗಿನದ್ದಾದರೆ ಏಪ್ರಿಲ್ ಬಿಸಿಲಿಗೆ ಪಿಕಪ್ಪಿನ ಮೇಲೆ ಮೆದುವಾಗಿ ಸಾಮಾನಿಗೆ ಅಂಟುತ್ತದೆ.

ಕರಗಿಸುವುದು ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ಇಂಡಕ್ಷನ್ ಒಲೆಯಲ್ಲಿ. ಹೊರಪಾತ್ರೆಯಲ್ಲಿ ನೀರು ಇರುವವರೆಗೆ ಮೇಣ 100 ಡಿಗ್ರಿ ದಾಟುವುದಿಲ್ಲ. 80–85 ಸಾಕು, ಥರ್ಮಾಮೀಟರ್ ಇಡಿ. ಒಂದು ಸಲಕ್ಕೆ 2 ಕಿಲೋಗಿಂತ ಹೆಚ್ಚು ಬೇಡ. ಮೇಣದೊಳಗೆ ನೀರಿನ ಹನಿ ಬೀಳದ ಹಾಗೆ ನೋಡಿಕೊಳ್ಳಿ. ಹೊಗೆ ಕಂಡರೆ ಅದು ಅತಿಯಾಗಿ ಕಾದಿದೆ, ತಕ್ಷಣ ಒಲೆ ಆರಿಸಿ.

450 ಜಿಎಸ್‌ಎಂ ಬಟ್ಟೆಗೆ ಚದರ ಮೀಟರಿಗೆ 100–120 ಗ್ರಾಂ ಮೇಣ. ನಿಮ್ಮ 18×12 ಅಡಿ ಅಂದರೆ 20 ಚದರ ಮೀಟರ್, ಒಂದು ಟರ್ಪಾಲಿಗೆ 2ರಿಂದ 2.4 ಕಿಲೋ. ತೆಳುವಾಗಿ ಬಳಿದು ಇಸ್ತ್ರಿಪೆಟ್ಟಿಗೆ ಅಥವಾ ಹೀಟ್‌ಗನ್ನಿನಿಂದ ಒಳಗಿಳಿಸಬೇಕು. ಬೆಳ್ಳಗೆ ಪದರ ನಿಂತಿದ್ದರೆ ಮೇಣ ನೂಲಿಗೆ ಇಳಿದಿಲ್ಲ, ಮೇಲೆ ಕೂತಿದೆ. ಅದು ಉದುರುತ್ತದೆ.

ಬಟ್ಟೆ ಒಣಗಿರಲೇಬೇಕು. ತಂಡಿ ಇರುವಾಗ ಮೇಣ ಹಾಕಿದರೆ ಒಳಗಿನ ಪಸೆ ಹೊರಬರದೆ ಬೂಷ್ಟು ಹಿಡಿಯುತ್ತದೆ. ಕೈಯಗಲದ ತುಂಡು ತೂಗಿ, ಒಂದು ಗಂಟೆ ಬಿಸಿಲಿಗಿಟ್ಟು ಮತ್ತೆ ತೂಗಿ. ತೂಕ ಇಳಿದರೆ ಇನ್ನೂ ಒಣಗಿಲ್ಲ. ಈ ಕೆಲಸ ಮೇ ಒಳಗೆ ಮುಗಿಸಬೇಕು, ಆಟಿಯ ಜಡಿಮಳೆಯಲ್ಲಿ (ಜುಲೈ–ಆಗಸ್ಟ್) ಸಾಧ್ಯವೇ ಇಲ್ಲ.

ಹೊಲಿಗೆಗೆ ಬರೀ ಪಾಲಿಯೆಸ್ಟರ್ ನೂಲು ಬೇಡ. ಒಳಗೆ ಪಾಲಿಯೆಸ್ಟರ್, ಮೇಲೆ ಹತ್ತಿ ಸುತ್ತಿದ ನೂಲು ತನ್ನಿ. ಹತ್ತಿ ನೆನೆದು ಉಬ್ಬಿ ಸೂಜಿತೂತು ಮುಚ್ಚುತ್ತದೆ. ಹೊಲಿಗೆಯ ಮೇಲೆ ಮೇಣದ ಬಿಲ್ಲೆ ಎರಡು ಸಲ ಉಜ್ಜಿ ಬಿಸಿ ಕೊಡಿ.

ಬದಿಯಡ್ಕ ಸುರಕ್ಷೆ

ಬೆಂಕಿಯ ವಿಷಯ ಸೇರಿಸುತ್ತೇನೆ. ಮೇಣಕ್ಕೆ ಬೆಂಕಿ ಹಿಡಿದರೆ ನೀರು ಹಾಕಲೇಬಾರದು. ನೀರು ಒಮ್ಮೆಲೇ ಆವಿಯಾಗಿ ಉರಿಯುವ ಮೇಣವನ್ನು ಮುಖಕ್ಕೆ ಎರಚುತ್ತದೆ. ಪಾತ್ರೆಯ ಮುಚ್ಚಳ ಕೈಗೆಟಕುವಲ್ಲಿ ಇರಲಿ, ಡ್ರೈ ಪೌಡರ್ ಸಿಲಿಂಡರು ಬಾಗಿಲ ಹತ್ತಿರ ಇರಲಿ, ಒಲೆಯ ಹಿಂದೆ ಬೇಡ. ಬಿಸಿ ಮೇಣ ಕೈಗೆ ಬಿದ್ದರೆ ಕಿತ್ತು ತೆಗೆಯಬೇಡಿ, ಚರ್ಮವೂ ಬರುತ್ತದೆ. 20 ನಿಮಿಷ ನಳ್ಳಿನೀರು ಬಿಡಿ, ಆಮೇಲೆ ಆಸ್ಪತ್ರೆ. ಕ್ಯಾನ್ವಾಸಿಗೆ ಮೇಣದ ಬದಲು ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅದು ತಾನಾಗಿಯೇ ಕಾದು ಹೊತ್ತುತ್ತದೆ. ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಚ್ಚಿಡಿ.

ಇನ್ನೊಂದು, ಇದು ಗಿರಾಕಿಗೂ ಹೇಳಬೇಕಾದ್ದು. ಮೇಣದ ಕ್ಯಾನ್ವಾಸ್ ಜನ ಸೇರುವಲ್ಲಿ ಚಪ್ಪರಕ್ಕೆ, ಯಕ್ಷಗಾನದ ಡೇರೆಗೆ, ಅಡುಗೆಕೊಟ್ಟಿಗೆಗೆ ಬೇಡವೇ ಬೇಡ. 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಸರ್ಕಸ್ ಡೇರೆ ಹೊತ್ತಿ 160ಕ್ಕೂ ಹೆಚ್ಚು ಜನ ತೀರಿಹೋದರು. ಆ ಡೇರೆಗೆ ಬಳಿದದ್ದು ಪೆಟ್ರೋಲಿನಲ್ಲಿ ಕರಗಿಸಿದ ಪ್ಯಾರಾಫಿನ್. ಪೆಟ್ರೋಲು ಆರಿಹೋಗಿತ್ತು, ಮೇಣ ಉಳಿದಿತ್ತು.

ಮಂಜೇಶ್ವರ ಕೆಮಿಸ್ಟ್

ಹಾಗೆ ಬೆಂಕಿಯ ಹತ್ತಿರ ಇಡುವಂಥದ್ದಕ್ಕೆ ಮೇಣವಿಲ್ಲದ ದಾರಿ ಸೋಪು ಮತ್ತು ಪಟಿಕ (ಆಲಂ). ಬಟ್ಟೆಯಲ್ಲಿ ಇವೆರಡೂ ಕೂಡಿ ನೀರಿಗೆ ಕರಗದ ಅಲ್ಯುಮಿನಿಯಂ ಸೋಪು ಆಗುತ್ತದೆ. ಬೆಂಕಿ ತಡೆಯುವ ಗುಣ ಇದಕ್ಕೂ ಇಲ್ಲ, ಮೇಣದಷ್ಟು ಇಂಧನ ಸೇರುವುದಿಲ್ಲ ಅಷ್ಟೇ. 10 ಲೀಟರ್ ಬಿಸಿನೀರಿಗೆ 600 ಗ್ರಾಂ ತುರಿದ ಬಟ್ಟೆಸೋಪು. ಬಟ್ಟೆ ಅದ್ದಿ, ಹಿಂಡಿ, ಪೂರ್ತಿ ಒಣಗಿಸಿ. ನಂತರ ಇನ್ನೊಂದು ಟಬ್ಬಿನಲ್ಲಿ 10 ಲೀಟರಿಗೆ 600 ಗ್ರಾಂ ಪಟಿಕ ಕರಗಿಸಿ ಅದರಲ್ಲಿ ಅದ್ದಿ, ತಿಳಿನೀರಿನಲ್ಲಿ ಜಾಲಿಸಿ ಒಣಗಿಸಿ. ಜಾಲಿಸದಿದ್ದರೆ ಪಟಿಕದ ಹುಳಿ ನೂಲನ್ನು ತಿನ್ನುತ್ತದೆ, ಹಗ್ಗ ಕಟ್ಟುವ ಕಬ್ಬಿಣದ ರಿಂಗಿಗೆ ತುಕ್ಕು ಬರಿಸುತ್ತದೆ. ರಿಂಗು ಆಮೇಲೆ ಹೊಡೆಯಿರಿ, ಹಿತ್ತಾಳೆಯದ್ದೇ ಆಗಲಿ.

ಸೋಪು ನಿಜವಾದ ಸೋಪೇ ಆಗಬೇಕು. ಲೋಟದಲ್ಲಿ ಕರಗಿಸಿ ಪಟಿಕದ ನೀರು ಹನಿಸಿ. ನೊರೆ ಇಳಿದು, ಹಾಲು ಒಡೆದ ಹಾಗೆ ಜಿಡ್ಡಿನ ಬಿಳಿ ಗಂಟು ಕಟ್ಟಿದರೆ ಸೋಪು. ನೊರೆ ಹಾಗೆಯೇ ನಿಂತರೆ ಡಿಟರ್ಜೆಂಟ್, ಅದನ್ನು ಹಾಕಿದ ಬಟ್ಟೆ ನೀರನ್ನು ಇನ್ನೂ ಬೇಗ ಹೀರುತ್ತದೆ.

ಉಪ್ಪಳ ಟರ್ಪಾಲು

ಅಣ್ಣ, ಅದು ಪಂಪಿನ ಕವರಿಗೆ ಸಾಕು. ಪಿಕಪ್ಪಿನ ಮೇಲೆ ಹಗ್ಗ ಉಜ್ಜುವಲ್ಲಿ ನಿಲ್ಲುವುದಿಲ್ಲ, ಅಲ್ಲಿಗೆ ಮೇಣವೇ ಆಗಬೇಕು. ಅಡಿಕೆಗೆ ತಾಗುವ ಬಟ್ಟೆಗೆ ಬೂಷ್ಟು ತಡೆಯುವ ತಾಮ್ರದ ಮದ್ದು ಮಾತ್ರ ಯಾರೂ ಹಾಕಬೇಡಿ. ಡಬ್ಬದ ವಾಟರ್‌ಪ್ರೂಫ್ ಸ್ಪ್ರೇಯನ್ನೂ ಶೆಡ್ಡಿನೊಳಗೆ ಹೊಡೆಯಬೇಡಿ, ಆ ಸಣ್ಣ ಹನಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ.

ಕೊಡುವ ಮೊದಲು ಪರೀಕ್ಷೆ: ನಾಲ್ಕು ಮೂಲೆ ಕಟ್ಟಿ, ಹೊಲಿಗೆ ನಡುವೆ ಬರುವ ಹಾಗೆ ಜೋಲು ಬಿಟ್ಟು, 10 ಸೆಂಟಿಮೀಟರ್ ನೀರು ನಿಲ್ಲಿಸಿ. ಕೆಳಗೆ ಪೇಪರು ಹಾಸಿ ಒಂದು ಗಂಟೆ ಬಿಡಿ.

ಸೀತಾಂಗೋಳಿ ಹೊಲಿಗೆ

ತುಂಬ ಉಪಕಾರ. ಟರ್ಪಾಲಿಗೆ ಮೇಣ, ಪಂಪಿನ ಕವರಿಗೆ ಪಟಿಕ. ಬೆರೆಸಿಟ್ಟ ಹಳೆ ಮಿಶ್ರಣ 20 ಲೀಟರ್ ಉಂಟು, ಎಂತ ಮಾಡುವುದು?

ಬದಿಯಡ್ಕ ಸುರಕ್ಷೆ

ನೆಲಕ್ಕೆ ಒಂದು ಹನಿಯೂ ಬೇಡ. ನಮ್ಮದು ಮುರಕಲ್ಲಿನ ನೆಲ, ಸುರಿದದ್ದು ಕೆಳಗಿನವರ ಬಾವಿಗೋ ಸುರಂಗಕ್ಕೋ (ಗುಡ್ಡಕ್ಕೆ ಅಡ್ಡ ಕೊರೆದ ನೀರಿನ ಬಾವಿ) ಇಳಿಯುತ್ತದೆ. ಬಿಗಿ ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕಿ, ಒಳಗೆ ಏನಿದೆ ಎಂದು ಬರೆದು, ಶೆಡ್ಡಿನ ಹೊರಗೆ ನೆರಳಲ್ಲಿಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ಕೇಳಿದರೆ ಅಪಾಯಕಾರಿ ತ್ಯಾಜ್ಯವಾಗಿ ಕಳಿಸುವ ದಾರಿ ಹೇಳುತ್ತಾರೆ. ಬ್ರಶ್ ತೊಳೆದ ಟರ್ಪೆಂಟೈನನ್ನೂ ಅದೇ ಡಬ್ಬಕ್ಕೆ ಹಾಕಿ.